ಗುಳಿಯ ಮೇಲಿನ ಅಂಕಿ

ಮೊಬೈಲಿನಲ್ಲಿ ದೊರೆಯುವ ಚೌಕಾಬಾರಗಳಲ್ಲಿ ನಮ್ಮ ಮನೆಗಳ ರೂಢಿಗೆ ಹತ್ತಿರವಾದುದು ಯಾವುದೆಂಬುದನ್ನು ಈ ವಾರ ವಿಚಾರಿಸುವೆನೆಂದು ಹೋದ ವಾರ ಮಾತು ಕೊಟ್ಟಿದ್ದೆನು. ಆ ಮಾತಿನ ಅರ್ಧವನ್ನು ಮಾತ್ರ ಇಂದು ಸಲ್ಲಿಸಬಲ್ಲೆನು. ಏಕೆಂದರೆ ಸಂಪಾದಕರಿಗೆ ಲೇಖನವನ್ನು ಒಪ್ಪಿಸಬೇಕಾದ ದಿನವು ಸಮೀಪಿಸಿರುವಾಗಲೇ ಅಳಗುಳಿ ಮಣೆಯ ಒಂದು ಆವೃತ್ತಿಯು ನನ್ನ ಫೋನಿಗೆ ಬಂದು ಸೇರಿತು, ಮತ್ತು ಅದರ ವಿಷಯದಲ್ಲಿ ಹೇಳಬೇಕಾದುದನ್ನು ಹೇಳದೆ ಕವಡೆಗಳ ಕಡೆಗೆ ತಿರುಗುವುದು ನನ್ನಿಂದಾಗದು.

ಮಣೆಯನ್ನು ಚಿತ್ರಿಸಿದವರ ಕೈ ಕುಶಲವಾದುದು. ಹಲಸಿನ ಮರದ ಬಣ್ಣ, ಎರಡು ಸಾಲಿನಲ್ಲಿ ಏಳೇಳು ಗುಳಿ, ಗುಳಿಗೆ ನಾಲ್ಕರಂತೆ ಹುಣಸೆ ಬೀಜ, ಬೀಜವು ಮರಕ್ಕೆ ತಗುಲಿದಾಗ ಏಳುವ ಆ ಒಣ ಸದ್ದು, ಎಲ್ಲವೂ ಸರಿಯೇ. ಆದರೆ ಪ್ರತಿಯೊಂದು ಗುಳಿಯ ನೆತ್ತಿಯ ಮೇಲೂ ಒಂದು ಸಣ್ಣ ವೃತ್ತವಿದ್ದು, ಅದರೊಳಗೆ ಬೀಜಗಳ ಸಂಖ್ಯೆಯು ಬಿಳಿಯ ಅಂಕಿಯಲ್ಲಿ ಬೆಳಗುತ್ತಿರುವುದು. ಬೀಜ ಬಿದ್ದೊಡನೆ ನಾಲ್ಕು ಐದಾಗುವುದು. ಎತ್ತಿದೊಡನೆ ಹನ್ನೊಂದು ಸೊನ್ನೆಯಾಗುವುದು. ಹೊಸಬರಿಗೆ ಅನುಕೂಲವಾಗಲೆಂಬ ಸದುದ್ದೇಶದಿಂದಲೇ ಇದನ್ನು ಇಟ್ಟಿರಬೇಕು. ಆದರೂ, ಎತ್ತಿದ ಗುಳಿಯ ಕೊನೆಯ ಬೀಜ ಎಲ್ಲಿ ಬೀಳುವುದು, ಅದರ ಮುಂದಿನ ಗುಳಿಯಿಂದ ಮತ್ತೆ ಎತ್ತಿದುದು ಎಲ್ಲಿಗೆ ಮುಟ್ಟುವುದು, ಬರಿದಾದ ಗುಳಿಯೊಂದು ಎದುರಾಗಿ ಅದರಾಚೆಯ ರಾಶಿಯು ಕೈಗೆ ಬರುವುದೋ ಇಲ್ಲವೋ ಎಂಬುದನ್ನೆಲ್ಲ ಬೀಜ ಮುಟ್ಟದೆ, ಬೆರಳು ಚಾಚದೆ, ಕಣ್ಣಿನಿಂದಲೇ ಅಳೆದು ನಿಶ್ಚಯಿಸುವುದರಲ್ಲಿ ಆಟದ ಸಾರವು ಅಡಗಿರುವಾಗ, ಆ ಕಣ್ಣಿನ ಕೆಲಸವನ್ನೇ ಕಿತ್ತುಕೊಳ್ಳುವ ಅನುಕೂಲವು ಯಾರಿಗೆ ಬೇಕಾಗಿತ್ತು?

ನಮ್ಮ ಮನೆಯ ಕಟ್ಟಳೆಯಂತೆ ಗುಳಿಗೆ ಬೆರಳು ತಗುಲಿತೆಂದರೆ ಅದನ್ನು ಆಡಿಯೇ ತೀರಬೇಕು. ನಾಲ್ಕನ್ನೂ ಐದನ್ನೂ ಬೇರೆ ಮಾಡಿ ಕಾಣುವುದು ಮಕ್ಕಳಿಗೂ ಸಾಧ್ಯ. ಹನ್ನೊಂದೋ ಹನ್ನೆರಡೋ ಎಂದು ಸಂದೇಹ ಹುಟ್ಟಿಸುವ, ಒಂದರ ಮೇಲೊಂದು ಒರಗಿ ಅಡಿಯದನ್ನು ಮರೆಮಾಡಿರುವ ಬೀಜಗಳ ರಾಶಿಯನ್ನು, ಎದುರಾಳಿಯ ಮೂಲೆಯ ಗುಳಿಯಲ್ಲಿಯೂ ತಪ್ಪದೆ ಓದುತ್ತಿದ್ದವರು ನಮ್ಮ ದೊಡ್ಡಮ್ಮ. ಅವರು ಎಲೆಗೆ ಸುಣ್ಣ ಸವರುತ್ತ, ಮಣೆಯ ಕಡೆಗೆ ನೋಡಿಯೂ ನೋಡದವರಂತೆ ಇದ್ದು, ಸರದಿ ಬಂದೊಡನೆ ಆ ಒಂದೇ ಗುಳಿಯನ್ನು ಎತ್ತುವರು; ಮೂರು ಸುತ್ತು ಬಂದ ಬೀಜವು ಬರಿದಾದ ಗುಳಿಯ ಈಚೆಗೆ ಸರಿಯಾಗಿ ಮುಗಿಯುವುದು. ತುಳುನಾಡಿನವರು ಇದೇ ಆಟವನ್ನು ಚೆನ್ನೆಮಣೆಯೆಂದು ಕರೆದು ಆಟಿ ತಿಂಗಳ ಮಳೆಗಾಲಕ್ಕೆ ಮೀಸಲಿಟ್ಟಿರುವರು. ಸಿರಿಯ ಪಾಡ್ದನದ ಅವಳಿ ಸೋದರಿಯರಾದ ಅಬ್ಬಗ ದಾರಗರು ಚೆನ್ನೆಯಾಡುತ್ತ ಜಗಳಕ್ಕೆ ಬಿದ್ದು, ಒಬ್ಬಳು ಅದೇ ಮಣೆಯಿಂದ ಮತ್ತೊಬ್ಬಳನ್ನು ಹೊಡೆದು ಕೊಂದಳೆಂಬ ಕಥೆಯಿರುವುದರಿಂದ, ಒಡಹುಟ್ಟಿದವರು ಎದುರುಬದುರು ಕುಳಿತು ಆಡಬಾರದೆಂಬ ನಿಷೇಧವೂ ಅಲ್ಲಿ ಬೆಳೆದುಬಂದಿದೆ. ಫೋನಿನಿಂದ ಹೊಡೆದರೆ ಒಡೆಯುವುದು ಫೋನು ಮಾತ್ರವೆಂದು ನನ್ನ ಮೊಮ್ಮಗಳ ಸಮಾಧಾನ.

ಎಣಿಕೆಯ ಮಾತು ಬಂದಾಗಲೆಲ್ಲ ನನಗೆ ವನಪರ್ವದ ಋತುಪರ್ಣನು ನೆನಪಾಗುವನು. ಆತನ ಕಥೆಯನ್ನು ಈ ಅಂಕಣದಲ್ಲಿ ಹಿಂದೆಯೂ ಹೇಳಿರುವೆನು. ಕೇಳಿ ಬೇಸತ್ತವರು ಮುಂದಿನ ಭಾಗಕ್ಕೆ ಹಾರಬಹುದು. ಬಾಹುಕನೆಂಬ ಹೆಸರಿನಿಂದ ಅಯೋಧ್ಯೆಯಲ್ಲಿ ಸಾರಥಿಯಾಗಿ ಅಡಗಿದ್ದ ನಳನು, ದಮಯಂತಿಗೆ ಎರಡನೆಯ ಸ್ವಯಂವರವೆಂಬ ಸುದ್ದಿಯನ್ನು ನಂಬಿ ಹೊರಟ ತನ್ನ ಒಡೆಯನನ್ನು ವಿದರ್ಭಕ್ಕೆ ಕರೆದೊಯ್ಯುತ್ತಿರುವಾಗ, ರಥದ ವೇಗಕ್ಕೆ ದೊರೆಯ ಉತ್ತರೀಯವು ಹಾರಿ ಬೀಳುವುದು. ನಿಲ್ಲಿಸೆಂದು ಆತನು ಹೇಳುವಷ್ಟರಲ್ಲಿಯೇ ಅದು ಯೋಜನದಷ್ಟು ಹಿಂದೆ ಉಳಿದುಹೋಗಿರುವುದು. ಸಾರಥಿಯ ವಿದ್ಯೆಯನ್ನು ಕಂಡು ಬೆರಗಾದ ಋತುಪರ್ಣನು, ತನಗೂ ಒಂದು ವಿದ್ಯೆ ಬರುವುದೆಂಬುದನ್ನು ತೋರಿಸುವ ಹಂಬಲದಿಂದ, ದಾರಿಯ ತಾರೆಯ ಮರವೊಂದನ್ನು ನೋಡಿ, ಅದರ ಎರಡು ಕೊಂಬೆಗಳಲ್ಲಿ ಐದು ಕೋಟಿ ಎಲೆಗಳೂ 2095 ಕಾಯಿಗಳೂ ಇರುವುವೆಂದು ರಥದ ಮೇಲಿಂದಲೇ ಹೇಳಿಬಿಡುವನು. ನಳನು ಸುಮ್ಮನೆ ನಂಬುವವನಲ್ಲ. ರಥವನ್ನು ನಿಲ್ಲಿಸಿ, ತಡವಾಗುವುದೆಂದು ದೊರೆಯು ಎಷ್ಟು ಬೇಡಿಕೊಂಡರೂ ಕೇಳದೆ, ಬೇಕಾದರೆ ರಥದಲ್ಲಿ ಜೊತೆಗಿದ್ದ ವಾರ್ಷ್ಣೇಯನನ್ನು ಸಾರಥಿಯಾಗಿ ಮಾಡಿಕೊಂಡು ಮುಂದೆ ಹೋಗೆಂದು ಹೇಳಿ, ಮರವನ್ನು ಕಡಿದು ಎಣಿಸಿಯೇ ನೋಡುವನು. ಲೆಕ್ಕ ಸರಿಯಾಗಿರುವುದು! ಆ ಬಳಿಕ ಕುದುರೆಗಳ ವಿದ್ಯೆಯಾದ ಅಶ್ವಹೃದಯವನ್ನು ಕೊಡುವೆನೆಂಬ ಮಾತಿಗೆ ಪ್ರತಿಯಾಗಿ ಜೂಜಿನ ವಿದ್ಯೆಯಾದ ಅಕ್ಷಹೃದಯವು ನಳನಿಗೆ ದೊರೆಯುವುದು. ದೊರೆತ ಕ್ಷಣವೇ, ನಳನನ್ನು ಹಿಡಿದಿದ್ದ ಕಲಿಯು, ಹಿಂದೆ ನಳನನ್ನು ಕಚ್ಚಿದ್ದ ಕರ್ಕೋಟಕ ಸರ್ಪದ ವಿಷವನ್ನು ಕಾರುತ್ತ ಆತನ ಮೈಯಿಂದ ಹೊರಬಿದ್ದು ಆ ತಾರೆಯ ಮರವನ್ನೇ ಹೊಕ್ಕುಬಿಡುವನು. ಕಡಿದುರುಳಿಸಿದ ಮರವನ್ನು ಹೊಕ್ಕುದು ಹೇಗೆಂದು ಕೇಳುವ ಓದುಗರೊಬ್ಬರು ನಮ್ಮಲ್ಲಿದ್ದಾರೆ; ಅವರು ಈ ಸಲ ಕ್ಷಮಿಸಬೇಕು.

ಕಾಯಿಗಳನ್ನು ಎಣಿಸುವುದಕ್ಕೂ ಜೂಜಿಗೂ ಏನು ಸಂಬಂಧವೆಂಬುವವರು, ಪ್ರಾಚೀನರು ಅಕ್ಷಗಳಾಗಿ ಬಳಸುತ್ತಿದ್ದುದು ಈ ತಾರೆಯ ಕಾಯಿಗಳನ್ನೇ ಎಂಬುದನ್ನು ನೆನೆಯಬೇಕು. ರಾಶಿಯನ್ನು ಕಂಡೊಡನೆ ಸಂಖ್ಯೆಯನ್ನು ತಿಳಿಯುವುದು ಅಂದಿನ ಆಟಗಾರನ ಬಲವಾಗಿತ್ತು. ದೊಡ್ಡಮ್ಮನಲ್ಲಿದ್ದುದು ಆ ವಿದ್ಯೆಯ ಒಂದು ಕಿರಿಯ ಕವಲು; ಫೋನಿನ ಬಿಳಿಯ ಅಂಕಿಯು ಅದನ್ನು ಕೇಳಿದವರಿಗೂ ಕೇಳದವರಿಗೂ ಬಿಟ್ಟಿಯಾಗಿ ಹಂಚುತ್ತಿರುವುದು. ಅಂಕಿಯನ್ನು ಮರೆಮಾಡುವ ಒಂದು ಗುಂಡಿಯನ್ನು ಇಟ್ಟರೆ ಸಾಕು, ನಾನು ತಕರಾರು ಮಾಡೆನು.

ಚೌಕಾಬಾರದಲ್ಲಿ ನಡೆದಿರುವ ಅನ್ಯಾಯವು ಇಷ್ಟು ಬೇಗ ಕಣ್ಣಿಗೆ ಬೀಳುವುದಿಲ್ಲ. ನಾಲ್ಕು ಕವಡೆಗಳಲ್ಲಿ ಒಂದೊಂದೂ ಅಂಗಾತ ಬೀಳಲು ಅಥವಾ ಕವುಚಿ ಬೀಳಲು ಸಮಾನ ಅವಕಾಶವಿದೆಯೆಂದು ಇಟ್ಟುಕೊಂಡರೆ ಒಟ್ಟು 16 ಬಗೆಗಳಾಗುವುವು; ಅವುಗಳಲ್ಲಿ ಎರಡರ ಗರಕ್ಕೆ 6 ಬಗೆ, ಒಂದಕ್ಕೆ 4, ಮೂರಕ್ಕೆ 4, ನಾಲ್ಕೂ ಅಂಗಾತ ಬೀಳುವ ಚೌಕಕ್ಕೆ ಒಂದೇ ಒಂದು, ನಾಲ್ಕೂ ಕವುಚಿ ಬೀಳುವ ಬಾರಕ್ಕೂ ಒಂದೇ. ಎಂದರೆ ಚೌಕ ಬಾರಗಳಿಂದ ದೊರೆಯುವ, ಮರಳಿ ಗರ ಹಾಕುವ ಭಾಗ್ಯವು ಎಂಟಕ್ಕೆ ಒಂದು ಸಲದಂತೆ ಬರತಕ್ಕದ್ದು. ಚೌಕ ಬಿದ್ದಾಗ ಮನೆಯವರೆಲ್ಲ ಕೂಗಿಕೊಳ್ಳುವುದು ಅದಕ್ಕಾಗಿಯೇ. ನಾನು ಆಡಿ ನೋಡಿದ ಒಂದು ಆವೃತ್ತಿಯಲ್ಲಿಯಾದರೋ ಚೌಕಗಳೂ ಬಾರಗಳೂ ಶ್ರಾವಣದ ತುಂತುರಿನಂತೆ ಬಿಡದೆ ಬೀಳುತ್ತಿದ್ದುವು. ಅದನ್ನು ರಚಿಸಿದವರು ಐದು ಗರಗಳಿಗೂ ಸಮಪಾಲು ಹಂಚಿರುವರೆಂದು ನನ್ನ ಅನುಮಾನ. ಹಾಗಾದಲ್ಲಿ ಮರುಗರವು ಐದಕ್ಕೆ ಎರಡು ಸಲ ಬರುವುದು. ಕಾಯಿಗಳು ಓಡೋಡಿ ಹಣ್ಣಾಗುವುವು. ಕಟ್ಟೆಯಲ್ಲಿ ಕಾಯಿಯನ್ನು ನಿಲ್ಲಿಸಿಕೊಂಡು, ಒಳಮನೆಗೆ ಹೋಗುವ ಹಕ್ಕಿಗಾಗಿ ಎದುರಾಳಿಯ ಒಂದನ್ನಾದರೂ ಕಡಿಯಲು ಹೊಂಚುವ ತಾಳ್ಮೆಗೆ ಬೆಲೆಯೇ ಉಳಿಯದು. ಇನ್ನೊಂದು ಆವೃತ್ತಿಯ ಚಿತ್ರಗಳು ಮಂಕಾಗಿದ್ದರೂ ಅದರಲ್ಲಿ ಎರಡರ ಗರವೇ ಹೆಚ್ಚು, ಚೌಕ ವಿರಳ; ನನ್ನ ಮತ ಅದಕ್ಕೆ. ಬೆನ್ನು ಉಬ್ಬಿದ ಕವಡೆಯು ಒಂದೊಂದು ಮನೆಯಲ್ಲಿ ಒಂದೊಂದು ಕಡೆಗೆ ವಾಲುವುದನ್ನೂ, ಅರ್ಧ ತೇಯ್ದ ಹುಣಸೆ ಬೀಜದ ಬಿಳಿಯ ಮಗ್ಗುಲಿನ ಹಟವನ್ನೂ ಅದು ಬಲ್ಲುದೆಂದು ಮಾತ್ರ ಯಾರೂ ನಿರೀಕ್ಷಿಸಬಾರದು.

ಫೋನು ಬೇಕೆಂದೇ ಆರನ್ನು ಬೀಳಿಸದೆ ಸತಾಯಿಸುವುದೆಂದು ಬರೆದ ಓದುಗರಿಗೆ ಒಂದು ಮಾತು: ಅದೃಷ್ಟವು ನಿಷ್ಪಕ್ಷಪಾತವಾಗಿದ್ದಾಗಲೂ ಗರಗಳು ಸರದಿಯಂತೆ ಬರುವುದಿಲ್ಲ, ಒಂದೇ ಸಂಖ್ಯೆಯು ಸಾಲಾಗಿ ಬೀಳುವುದು ಅದರ ಸಹಜ ಲಕ್ಷಣಗಳಲ್ಲಿ ಒಂದು.

ಆರಿಗಾಗಿ ಹಂಬಲಿಸುವವರು ಲೂಡೋ ಪಂಥದವರೇ ಆಗಿರಬೇಕು. ಅವರಿಗೂ ನನಗೂ ಹಳೆಯ ವ್ಯಾಜ್ಯವಿದೆ. 2020ರ ಲಾಕ್‌ಡೌನಿನಲ್ಲಿ ಲೂಡೋ ಕಿಂಗ್ ಮನೆಮನೆಯನ್ನು ಹೊಕ್ಕು, ಊರಿಗೊಬ್ಬರಾಗಿ ಚದುರಿದ್ದ ಕುಟುಂಬಗಳನ್ನು ಒಂದು ಹಾಸಿನ ಸುತ್ತ ಕೂಡಿಸಿದ ಉಪಕಾರವನ್ನು ನಾನು ಅಲ್ಲಗಳೆಯೆನು. ಆದರೆ ಚೌಕಾಬಾರವನ್ನು ಹಳ್ಳಿಯ ಲೂಡೋ ಎಂದು ಕರೆಯುವವರು, ಲೂಡೋ ಎಂಬುದು ನಮ್ಮ ಪಚ್ಚೀಸಿಯನ್ನು ಮಕ್ಕಳಿಗಾಗಿ ತೆಳುಗೊಳಿಸಿ 1896ರಲ್ಲಿ ಇಂಗ್ಲೆಂಡಿನಲ್ಲಿ ಪೇಟೆಂಟು ಪಡೆದ ಸರಕೆಂಬುದನ್ನು ತಿಳಿದಿರಬೇಕು. ಪಗಡೆಯ ಎರಡು ನೀಳ ದಾಳಗಳು ಬಿದ್ದಾಗ, ಅವನ್ನು ಒಂದೇ ಕಾಯಿಗೆ ಸಲ್ಲಿಸುವುದೇ, ಎರಡಕ್ಕೆ ಹಂಚುವುದೇ, ಜೋಡಿಯನ್ನು ಕಟ್ಟುವುದೇ ಒಡೆಯುವುದೇ ಎಂಬ ವಿಚಾರವು ಹುಟ್ಟುವುದು. ಲೂಡೋದ ಒಂಟಿ ದಾಳವು ಅಷ್ಟನ್ನು ಕೇಳುವುದಿಲ್ಲ. ಆಡುವ ಕಾಯಿ ಒಂದೇ ಇದ್ದರೆ ಫೋನು ಅದನ್ನು ತಾನೇ ನಡೆಸಿಬಿಡುವುದೂ ಉಂಟು. ಆಗ ಮನುಷ್ಯನು ಅಲ್ಲಿ ಕುಳಿತಿರುವುದು ಏಕೆ?

ಇಷ್ಟಾದರೂ ಫೋನಿನ ಮೇಲೆ ನನಗೆ ದ್ವೇಷವಿಲ್ಲ. ಚದುರಂಗಕ್ಕೆ ಅದರಿಂದ ಕುಂದಿಲ್ಲ. ಅದಕ್ಕಿಂತ ಹೆಚ್ಚಾಗಿ, ನಳನ ಕುದುರೆಗಳ ಮಾತಾಡಿದುದರಿಂದ ನೆನಪಾಗುವ, ಚದುರಂಗದ ಕುದುರೆಯೊಂದನ್ನೇ ಹಾಸಿನ ತುಂಬ ನಡೆಸುವ ಅಶ್ವಗತಿಗೆ ಫೋನಿನಷ್ಟು ಒಪ್ಪುವ ಪೀಠವನ್ನು ನಾನು ಕಂಡಿಲ್ಲ. 1831ರಲ್ಲಿ ಆಡಳಿತವನ್ನು ಆಂಗ್ಲರು ಕಸಿದುಕೊಂಡ ಮೇಲೆ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ವಿರಾಮವು ಧಾರಾಳವಾಗಿತ್ತು. ಅದರ ಫಲವಾಗಿ ಶ್ರೀತತ್ತ್ವನಿಧಿಯ ಒಂಬತ್ತನೆಯ ಭಾಗವಾದ ಕೌತುಕನಿಧಿಯು ಆಟಗಳಿಗೆ ಮೀಸಲಾಯಿತು, ಜಗನ್ಮೋಹನ ಅರಮನೆಯ ಗೋಡೆಗಳ ಮೇಲೆ ಆಟದ ಪಟಗಳು ಚಿತ್ರಿತವಾದುವು, ಕುದುರೆಯು ಚದುರಂಗದ 64 ಮನೆಗಳನ್ನೂ ಒಂದೊಂದೇ ಸಲ ಮುಟ್ಟಿ ಬರುವ ಚಕ್ರಗಳನ್ನು ದೊರೆಯೇ ರಚಿಸಿದನು. ಆತನಿಗಿಂತ ಬಹುಪೂರ್ವದಲ್ಲಿ ಒಂಬತ್ತನೆಯ ಶತಮಾನದ ರುದ್ರಟನು ಕುದುರೆಯ ಈ ನಡೆಯನ್ನು ಚಿತ್ರಕಾವ್ಯದಲ್ಲಿ ತಂದಿದ್ದನು. ವೇದಾಂತದೇಶಿಕರು ಪಾದುಕಾಸಹಸ್ರದಲ್ಲಿ 32 ಅಕ್ಷರಗಳ ಒಂದು ಶ್ಲೋಕವನ್ನು ನಾಲ್ಕು ಸಾಲಿನ ಮನೆಗಳಲ್ಲಿ ತುಂಬಿ, ಕುದುರೆಯ ನಡೆಯಲ್ಲಿ ಓದಿದರೆ ಬೇರೊಂದು ಶ್ಲೋಕವೇ ಹೊರಡುವಂತೆ ಹೊಸೆದರು.

ಫೋನಿನಲ್ಲಿ ಅಶ್ವಗತಿಯನ್ನು ಆಡುವವನಿಗೆ ದೊರೆಯುವುದು ಬರಿಯ ಹಾಸು. ಮುಟ್ಟಿದ ಮನೆಯಲ್ಲಿ ಒಂದೆಂಬ ಅಂಕಿ ಮೂಡುವುದು, ಮುಂದಿನದರಲ್ಲಿ ಎರಡು. ಇಲ್ಲಿ ಅಂಕಿಯು ಆಟಗಾರನ ಸಂಪಾದನೆ. ಐವತ್ತೊಂಬತ್ತರಲ್ಲಿ ಸಿಕ್ಕಿಬಿದ್ದಾಗ ಕಾಗದವಾಗಿದ್ದರೆ ಉಜ್ಜಿ ಉಜ್ಜಿ ತೂತು ಬೀಳುತ್ತಿತ್ತು. ಫೋನಿನಲ್ಲಿ ಹೆಜ್ಜೆ ಹೆಜ್ಜೆಯಾಗಿ ಹಿಂದಕ್ಕೆ ಬರಬಹುದು. ಆರಂಭಿಸುವವರು ಮೂಲೆಯಿಂದ ಹೊರಡಲಿ. ಯಾವ ಮನೆಯಿಂದ ಮುಂದಕ್ಕೆ ಹೋಗಲು ಉಳಿದಿರುವ ದಾರಿಗಳು ಅತ್ಯಲ್ಪವೋ ಆ ಮನೆಗೇ ಮೊದಲು ಕುದುರೆಯನ್ನು ನೆಗೆಸಬೇಕೆಂದು ವಾರ್ನ್ಸ್‌ಡಾರ್ಫನೆಂಬ ಜರ್ಮನಿಯವನು 1823ರಲ್ಲಿ ಹೇಳಿದ ಸೂತ್ರವು ಬಹುಪಾಲು ಕೈಬಿಡುವುದಿಲ್ಲ. ಸುಳಿವು ಎಂಬ ಗುಂಡಿಯೊಂದು ಕೆಳಗಡೆ ಮಿನುಗುತ್ತಿರುವುದು, ಅದನ್ನು ಮುಟ್ಟದಿರಿ.