ಅಟ್ಟದಿಂದ ಇಳಿಯುವ ಆನೆ

ಸಂಕ್ರಾಂತಿಗೆ ವಾರವಿರುವಾಗ ನಮ್ಮಲ್ಲಿ ಅಟ್ಟದಿಂದ ಸಕ್ಕರೆ ಅಚ್ಚಿನ ಮರದ ಹೋಳುಗಳು ಇಳಿಯುತ್ತವೆ. ಆನೆ, ನವಿಲು, ಗೋಪುರ, ತುಳಸಿಕಟ್ಟೆ. ಒಳಗೆಲ್ಲ ತಿರುಗಾಮುರುಗಾ ಕೆತ್ತನೆ: ಉಬ್ಬಬೇಕಾದದ್ದು ಇಲ್ಲಿ ಗುಳಿ. ಕೆತ್ತಿದ ಕೈಗೆ ನಮಸ್ಕಾರ.

ಅಚ್ಚುಗಳನ್ನು ನೀರಲ್ಲಿ ನೆನೆಹಾಕುವುದು ಮಗಳ ಕೆಲಸ. ಒಣಮರ ಪಾಕವನ್ನು ಕಚ್ಚಿಕೊಂಡರೆ ಆನೆ ಸೊಂಡಿಲಿಲ್ಲದೆ ಹೊರಬರುತ್ತದೆ. ಹೋಳು ಜೋಡಿಸಿ ರಬ್ಬರ್ ಬ್ಯಾಂಡ್ ಬಿಗಿಯುವುದು ಮಗನದು. ಪಾಕ ಮಾತ್ರ ನನ್ನದು. ಸಕ್ಕರೆ ನೀರಿಗೆ ಚೂರು ಹಾಲು ಬಿಟ್ಟು ಕುದಿಸಿ, ಮೇಲೆ ಬಂದ ಕೊಳೆ ಸೋಸಿ, ಮತ್ತೆ ಸ್ವಲ್ಪಸ್ವಲ್ಪವೇ ಕಾಯಿಸಿ, ಬೆಳ್ಳಗಾಗುತ್ತಿದ್ದಂತೆ ತಟ್ಟನೆ ಹೊಯ್ಯಬೇಕು. ಒಂದು ಗಳಿಗೆ ತಡವಾದರೆ ಪಾತ್ರೆಯಲ್ಲೇ ಗಟ್ಟಿ. ಅಂಗಡಿಯ ಅಚ್ಚು ನಮ್ಮದಕ್ಕಿಂತ ಬಿಳುಪು, ಒಪ್ಪಿದೆ. ಆದರೆ ಅದನ್ನು ಬಿಚ್ಚುವಾಗ ಯಾರೂ ಉಸಿರು ಬಿಗಿಹಿಡಿಯುವುದಿಲ್ಲ.

ಹೋದ ವರ್ಷ ನವಿಲಿನ ಕುತ್ತಿಗೆ ಮುರಿಯಿತು. ಮಗ ಅಳುತ್ತಲೇ ಅದನ್ನು ತಿಂದು ಮುಗಿಸಿದ.

ಹಬ್ಬದ ಸಂಜೆ ಮಗಳು ಲಂಗ ಉಟ್ಟು ಎಳ್ಳು ಬೀರಲು ಹೊರಡುತ್ತಾಳೆ. ತಟ್ಟೆಯಲ್ಲಿ ಎಳ್ಳು-ಬೆಲ್ಲ, ಕಬ್ಬಿನ ತುಂಡು, ಬಾಳೆಹಣ್ಣು, ಗೋಪುರ, ತುಳಸಿಕಟ್ಟೆ ಎಲ್ಲ ಇರುತ್ತವೆ. ಆನೆ ಮಾತ್ರ ಅಕ್ಕಿ ಡಬ್ಬದ ಹಿಂದೆ ಬಚ್ಚಿಟ್ಟುಕೊಂಡಿರುತ್ತದೆ.