ಸರ್ ಆಂಡ್ರ್ಯೂನ ‘ಮಿ’ ಮತ್ತು ‘ಐ’

ಇಂಗ್ಲಿಷ್ ವ್ಯಾಕರಣದ ಪಾಠದಲ್ಲಿ ಸರ್ವನಾಮಗಳಿಗೆ ಎರಡು ಸಾಲು. ಕರ್ತೃವಿನ ಜಾಗಕ್ಕೆ ‘ಐ, ಹಿ, ಶಿ, ವಿ, ದೇ’. ಕರ್ಮದ ಜಾಗಕ್ಕೂ ಪ್ರಿಪೊಸಿಷನ್ನಿನ ನಂತರಕ್ಕೂ ‘ಮಿ, ಹಿಮ್, ಹರ್, ಅಸ್, ದೆಮ್’. ‘ಇಟ್ ಈಸ್’ ಎಂದ ಮೇಲೆ ‘ಐ’ ಬಂದರೆ ಶುದ್ಧ, ‘ಮಿ’ ಬಂದರೆ ತಪ್ಪು ಎಂಬ ಮಾತೂ ಜೊತೆಗಿರುತ್ತದೆ. ಈ ಪಟ್ಟಿ ಹಿಡಿದು ಶೇಕ್ಸ್‌ಪಿಯರನನ್ನು ಓದಹೊರಟರೆ ಅವನ ಒಳ್ಳೆಯ ತಮಾಷೆಯೊಂದು ಕೈತಪ್ಪುತ್ತದೆ.

‘ಟ್ವೆಲ್ಫ್ತ್ ನೈಟ್’ ನಾಟಕದ 2ನೇ ಅಂಕದ 5ನೇ ದೃಶ್ಯ. ಮಾಲ್ವೋಲಿಯೊ ತಾನು ದೊಡ್ಡ ಮನುಷ್ಯನಾದಂತೆ ಹಗಲುಗನಸು ಕಾಣುತ್ತ, ಒಬ್ಬ ಮೂರ್ಖ ನೈಟ್‌ನ ಸಹವಾಸವನ್ನು ಹಳಿಯುತ್ತಾನೆ. ಗಿಡದ ಮರೆಯಲ್ಲಿ ಅಡಗಿ ಕೇಳುತ್ತಿರುವ ಸರ್ ಆಂಡ್ರ್ಯೂ, ಅದು ತಾನೇ ಎನ್ನುತ್ತಾನೆ. ಅಲ್ಲಿ ಬಳಸುವುದು ‘ಮಿ’. ಮಾಲ್ವೋಲಿಯೊ ಹೆಸರು ಹಿಡಿದು ಹೇಳಿದ ಕೂಡಲೇ, ಅದು ತಾನೆಂದು ಮೊದಲೇ ಗೊತ್ತಿತ್ತು ಎನ್ನುತ್ತಾನೆ, ಈಗ ‘ಐ’. ಒಂದೇ ಬಾಯಿ, ಒಂದೇ ಬಗೆಯ ವಾಕ್ಯ, ಎರಡು ರೂಪ.

ತಪ್ಪು ಮಾಡಿ ತಿದ್ದಿಕೊಂಡನೇ? ನನಗೆ ಹಾಗೆ ಕಾಣುವುದಿಲ್ಲ. ರಾಬರ್ಟ್ ಲೌತ್‌ನ ಪ್ರಸಿದ್ಧ ವ್ಯಾಕರಣ ಬಂದದ್ದು 1762ರಲ್ಲಿ. ಈ ನಾಟಕ 1602ರಲ್ಲೇ ರಂಗದ ಮೇಲಿತ್ತು. ಮೊದಲನೆಯದು ಬೈಗುಳ ತಗುಲಿದವನ ಮಾತು, ಎರಡನೆಯದು ಗುರುತು ಹಿಡಿದ ಜಾಣನ ಮಾತು ಎಂದು ನಾನು ಓದುತ್ತೇನೆ. ಮೂರ್ಖನೆನಿಸಿಕೊಂಡದ್ದಕ್ಕೂ ಬೀಗುವ ಆಂಡ್ರ್ಯೂನ ಸ್ವಭಾವ ಆ ಜಿಗಿತದಲ್ಲಿದೆ.

‘ದಿ ಮರ್ಚಂಟ್ ಆಫ್ ವೆನಿಸ್’ನಲ್ಲಿ ಸಾವಿನ ಎದುರಿಗಿರುವ ಆಂಟೋನಿಯೊ ಗೆಳೆಯ ಬಸ್ಸಾನಿಯೊಗೆ ಬರೆದ ಪತ್ರವೂ ಹೀಗೇ. ತಮ್ಮಿಬ್ಬರ ನಡುವಿನ ಸಾಲ ತೀರಿತು ಎನ್ನುವಾಗ ‘ಬಿಟ್ವೀನ್’ ನಂತರ ‘ಮಿ’ಯ ಬದಲು ‘ಐ’ ಬರುತ್ತದೆ. ಅದಕ್ಕೆ ಗೂಢಾರ್ಥ ಹುಡುಕುವ ಅಗತ್ಯವಿಲ್ಲ. ‘ಬಿಟ್ವೀನ್’ಗೂ ‘ಐ’ಗೂ ನಡುವೆ ‘ಯೂ ಅಂಡ್’ ಕೂತಿದೆ. ‘ಯೂ’ ಎರಡೂ ಸ್ಥಾನದಲ್ಲಿ ಒಂದೇ ರೂಪದಲ್ಲಿರುವುದರಿಂದ ಕಿವಿ ಎಚ್ಚರಿಸುವುದಿಲ್ಲ. ಇಂಗ್ಲಿಷಿನಲ್ಲಿ ಕರ್ತೃ ಯಾರು, ಕರ್ಮ ಯಾವುದು ಎಂದು ಹೇಳುವ ಹೊಣೆ ಬಹುಮಟ್ಟಿಗೆ ಪದಗಳ ಕ್ರಮದ್ದು. ನಾಮಪದಗಳು ಹಳೆಯ ವಿಭಕ್ತಿಗಳನ್ನು ಹೆಚ್ಚುಕಡಿಮೆ ಕಳೆದುಕೊಂಡಿವೆ. ಸರ್ವನಾಮಗಳಲ್ಲಿ ಉಳಿದದ್ದು ಪಳೆಯುಳಿಕೆ. ಹೊಣೆ ಕಡಿಮೆಯಾದ ಕಡೆ ರೂಪ ಓಲಾಡುತ್ತದೆ.

ಕನ್ನಡದಲ್ಲಿ ಈ ಓಲಾಟವಿಲ್ಲ. ‘ನಿನ್ನ ನನ್ನ ನಡುವೆ’ ಎನ್ನುತ್ತೇವೆ. ‘ನೀನು ನಾನು ನಡುವೆ’ ಎಂದು ಮಕ್ಕಳೂ ಅನ್ನರು. ಹಾಗೆಯೇ ‘ಅದು ನಾನೇ’ ಎಂಬಲ್ಲಿ ‘ನನ್ನನ್ನು’ ನುಸುಳದು. ಹಾಗಾಗಿ ಆಂಡ್ರ್ಯೂನ ಎರಡೂ ಮಾತನ್ನು ‘ನಾನೇ’ ಎಂದು ಅನುವಾದಿಸಿದರೆ ಅರ್ಥ ಸರಿಯಿರುತ್ತದೆ, ನಗು ಹೋಗುತ್ತದೆ. ಸರ್ವನಾಮ ಬದಲಾಗಬೇಕಾದರೆ ಕ್ರಿಯಾಪದವೂ ಬದಲಾಗಬೇಕು. ಮೊದಲು ‘ನನ್ನನ್ನೇ ಅಂತಿರೋದು’, ಆಮೇಲೆ ‘ನಾನೇ ಅಂತ ಗೊತ್ತಿತ್ತು’. ಹೀಗೆ ಮಾಡಿದರೆ ಬೈಸಿಕೊಂಡವನೂ ಬೀಗುವವನೂ ಕನ್ನಡದ ರಂಗದ ಮೇಲೆ ಒಟ್ಟಿಗೆ ನಿಲ್ಲಬಲ್ಲರು.