ಸ್ಟೇಜು ಹಳೇದು, ಆನೆ ಹೊಸದು

ಡೆಬಿಯನ್ ಲಿನಕ್ಸ್‌ನಲ್ಲಿ ‘ಫಾಂಟ್ಸ್-ಗುಬ್ಬಿ’ ಅಂತ ಒಂದು ಕನ್ನಡ ಫಾಂಟಿನ ಪ್ಯಾಕೇಜ್ ಇದೆ. ನಮ್ಮ ತುಮಕೂರು ಜಿಲ್ಲೆಯವರು ಅವಸರದಲ್ಲಿ ಹಿಗ್ಗಬೇಡಿ. ಪಕ್ಕದಲ್ಲೇ ‘ಫಾಂಟ್ಸ್-ನವಿಲು’ ಕೂತಿರೋದ್ರಿಂದ ಇದು ಹಕ್ಕಿ ಗುಬ್ಬಿಯೇ ಇರಬೇಕು, ಊರು ಗುಬ್ಬಿ ಅಲ್ಲ.

ಫಾಂಟು ಹಳೇದಾದರೂ ನಡೆಯುತ್ತೆ. ಲಿಬ್ರೆಆಫೀಸ್ ಹಾಗಲ್ಲ. 2023ರ ಜೂನ್‌ನಲ್ಲಿ ಬಂದ ಡೆಬಿಯನ್ 12ರಲ್ಲಿ ಅದು 7.4ಕ್ಕೇ ನಿಂತಿತು, ಡೆಬಿಯನ್ 13 ಬಂದಿದ್ದು 2025ರ ಆಗಸ್ಟ್‌ನಲ್ಲಿ. ಸ್ಟೇಬಲ್ ಅಂದ್ರೆ ಇದೇ: ಭದ್ರತೆಯ ತೇಪೆ ಬರುತ್ತೆ, ದೊಡ್ಡ ದೋಷ ರಿಪೇರಿ ಆಗುತ್ತೆ, ಹೊಸ ಸೌಲಭ್ಯ ಮಾತ್ರ ಬರಲ್ಲ.

ಹೊಸದೇ ಬೇಕು ಅನ್ನೋರು ಟೆಸ್ಟಿಂಗ್ ಶಾಖೆಯನ್ನೇ ಪಟ್ಟಿಗೆ ಸೇರಿಸಿಬಿಡ್ತಾರೆ. ಆಗ ಒಂದು ಪ್ಯಾಕೇಜ್ ಕೇಳಿದರೆ ಅದು ಹೊಸ ಲೈಬ್ರರಿಗಳನ್ನ ಕೇಳುತ್ತೆ, ಅವು ಇನ್ನಷ್ಟನ್ನ ಎಳೆದು ತರುತ್ತವೆ. ಇಂಥ ಬೆರಕೆಗೆ ಡೆಬಿಯನ್‌ನವರೇ ‘ಫ್ರಾಂಕನ್‌ಡೆಬಿಯನ್’ ಅಂತ ಹೆಸರಿಟ್ಟಿದ್ದಾರೆ.

ಇದಕ್ಕಿಂತ ಮರ್ಯಾದಸ್ಥ ದಾರಿ ಬ್ಯಾಕ್‌ಪೋರ್ಟ್ಸ್, 2010ರಿಂದ ಅಧಿಕೃತ. ಟೆಸ್ಟಿಂಗ್‌ನ ಪ್ಯಾಕೇಜನ್ನು ಸ್ಟೇಬಲ್‌ನಲ್ಲೇ ಓಡುವಂತೆ ಮತ್ತೆ ಕಂಪೈಲ್ ಮಾಡಿಕೊಡ್ತಾರೆ. ಮಾಮೂಲಿ ಪ್ಯಾಕೇಜಿನ ಆದ್ಯತೆ 500, ಇದರದ್ದು 100. ಅಂದರೆ ನೀವು ಹೆಸರು ಹೇಳಿ ಕರೆಯೋ ತನಕ ಒಳಗೆ ಬರಲ್ಲ. ಗುಬ್ಬಿ ವೀರಣ್ಣನವರು ‘ಕುರುಕ್ಷೇತ್ರ’ ನಾಟಕಕ್ಕೆ ನಿಜವಾದ ಆನೆಯನ್ನೇ ರಂಗದ ಮೇಲೆ ತಂದರು. ಆನೆ ಬಂತು ಅಂತ ಇಡೀ ಕಾಡು ಬರಲಿಲ್ಲ. ಬ್ಯಾಕ್‌ಪೋರ್ಟ್ಸ್‌ನ ಜಾಣತನವೂ ಅಷ್ಟೇ.

ಆದರೆ ನನ್ನ ತಕರಾರು ಇಲ್ಲಿದೆ. ಸ್ಟೇಬಲ್‌ನ ಪ್ಯಾಕೇಜುಗಳನ್ನ ಕಾಯೋಕೆ ಡೆಬಿಯನ್‌ನ ಭದ್ರತಾ ತಂಡ ಇದೆ. ಬ್ಯಾಕ್‌ಪೋರ್ಟ್ಸ್‌ಗೆ ಆ ಭರವಸೆ ಇಲ್ಲ. ಪ್ಯಾಕೇಜ್ ಏರಿಸಿದ ಸ್ವಯಂಸೇವಕರೇ ನೋಡಿಕೊಳ್ಳಬೇಕು. ಅವರಿಗೆ ಪುರುಸೊತ್ತು ಇಲ್ಲದಿದ್ದರೆ ತೇಪೆಯೂ ತಡ. ನಿಯಮದ ಪುಟದಲ್ಲಿ ಇದನ್ನ ಬರೆದಿದ್ದಾರೆ, ನಿಜ. ಇನ್‌ಸ್ಟಾಲ್ ಮಾಡುವಾಗ ‘ಆಪ್ಟ್’ ಮಾತ್ರ ತುಟಿ ಬಿಚ್ಚಲ್ಲ. ಒಂದು ಸಾಲಿನ ಎಚ್ಚರಿಕೆ ಕೊಟ್ಟಿದ್ದರೆ ಯಾರ ಗಂಟು ಹೋಗ್ತಿತ್ತು?

ಇದು ಸಣ್ಣ ಮಾತಲ್ಲ. ವೀಕೆಂಡಿಗೆ ರೈಲು ಹತ್ತಿ ಊರಿಗೆ ಹೋಗಿ, ಅಪ್ಪನ ಲ್ಯಾಪ್‌ಟಾಪಿಗೆ ಲಿನಕ್ಸ್ ಹಾಕಿ, ಸೋಮವಾರ ಬೆಂಗಳೂರಿಗೆ ವಾಪಸ್ ಬರೋರು ನಾವು. ಅದು ಕೈಕೊಟ್ಟಾಗ ಒದ್ದಾಡೋರು ಅವರು. ಬ್ಯಾಂಕಿನ ಪಾಸ್‌ವರ್ಡು ಹಾಕೋ ಬ್ರೌಸರು ಸ್ಟೇಬಲ್‌ನಲ್ಲೇ ಇರಲಿ. ಯಾವುದೋ ಫೈಲು ಹಳೇ ಲಿಬ್ರೆಆಫೀಸ್‌ನಲ್ಲಿ ಸರಿಯಾಗಿ ತೆರೀತಿಲ್ಲ ಅಂದ್ರೆ, ಅದೊಂದನ್ನ ಬ್ಯಾಕ್‌ಪೋರ್ಟ್ಸ್‌ನಿಂದ ತನ್ನಿ. ಏನು ತಂದಿರಿ ಅಂತ ಒಂದು ಚೀಟಿ ಬರೆದು ಲ್ಯಾಪ್‌ಟಾಪ್ ಬ್ಯಾಗಿನಲ್ಲಿಡಿ.